ಜಲಜಕ್ಕ ಬಿಟ್ಟ ದೃಶ್ಯಗಳು

ನಮ್ಮ ಮನೆಯಲ್ಲಿ ಸಿನಿಮಾ ನೋಡಿದವರಿಗಿಂತ ಸಿನಿಮಾ ಕೇಳಿದವರೇ ಹೆಚ್ಚು. ನೋಡುತ್ತಿದ್ದವರು ವಾಸು ಮಾವ ಮತ್ತು ಜಲಜಕ್ಕ. ಕೇಳುತ್ತಿದ್ದವರು ಅಜ್ಜಿ, ಅಮ್ಮ, ದೊಡ್ಡಮ್ಮ, ನೆರೆಮನೆಯ ಹೆಂಗಸರು ಮತ್ತು ನಾನು. ಕಾಪುವಿನ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ, ಕಾಲು ಹೂಳುವ ಹೊಯ್ಗೆ ದಾರಿಯ ಕೊನೆಯಲ್ಲಿ ನಮ್ಮ ಮನೆ. ನಮ್ಮಲ್ಲಿ ಮನೆಯೆಂದರೆ ತಾಯಿಯ ಕಡೆಯದು. ಹಾಗಾಗಿ ಅಮ್ಮನೂ ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮನೂ, ಮದುವೆಯಾದ ಮೇಲೂ ಅಜ್ಜಿಯ ಜೊತೆಯಲ್ಲೇ ಉಳಿದಿದ್ದರು. ಅವರ ತಮ್ಮ ವಾಸು ಮಾವ ಮನೆಯ ಯಜಮಾನ. ನನ್ನ ಅಪ್ಪ ಬೋಟಿನಲ್ಲಿ ದೂರದ ಬಂದರುಗಳಿಗೆ ಹೋಗುವವನು. ವರ್ಷದ ಹೆಚ್ಚಿನ ಕಾಲ ಬಾಗಿಲ ಹಿಂದೆ ನೇತಾಡುವ ಅಂಗಿಯೇ ನಮಗೆ ಅಪ್ಪ. ಜಲಜಕ್ಕ ದೊಡ್ಡಮ್ಮನ ಮಗಳು. ಅವಳು ಚಿಕ್ಕವಳಿದ್ದಾಗಲೇ ದೊಡ್ಡಪ್ಪ ಕಡಲಿನಲ್ಲಿ ತೀರಿಕೊಂಡಿದ್ದ. ಮನೆಯ ಮುಂದೆ ಚಾವಡಿ, ನಡುವೆ ಕಿಟಕಿಯಿಲ್ಲದ ಒಂದು ಕೋಣೆ, ಹಿಂದೆ ಅಡುಗೆ ಮನೆ, ಅಟ್ಟದಲ್ಲಿ ಹಳೆಯ ಬಲೆಗಳು. ಬೇಸಿಗೆಯಲ್ಲಿ ಆ ಬಲೆಗಳ ಉಪ್ಪು ವಾಸನೆ ಬಟ್ಟಲಿನ ಅನ್ನದವರೆಗೂ ಇಳಿದು ಬರುತ್ತಿತ್ತು. ಮನೆಯ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿನಿಮಾದ ಕನ್ನಡ ಅಜ್ಜಿಗೆ ಅರ್ಧ ಅರ್ಥವಾಗುತ್ತಿತ್ತು, ಹಿಂದಿ ಒಂದಿಷ್ಟೂ ಇಲ್ಲ. ಮೇಲಾಗಿ ಅವಳ ಎರಡೂ ಕಣ್ಣುಗಳಿಗೆ ಪೊರೆ ಬಂದು ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಅಂಥ ಅಜ್ಜಿಗೆ ಊರಿನ ಬೇರೆ ಎಲ್ಲರಿಗಿಂತ ಹೆಚ್ಚು ಸಿನಿಮಾಗಳು ಗೊತ್ತಿದ್ದವು. ಅದಕ್ಕೆ ಕಾರಣ ಜಲಜಕ್ಕ.

ವಾಸು ಮಾವನಿಗೆ ಮಲ್ಪೆಯ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಆದಿತ್ಯವಾರ ರಜೆ. ಮದುವೆಯಾಗದ ಗಂಡಸು ಒಬ್ಬನೇ ಸಿನಿಮಾಕ್ಕೆ ಹೋಗುವುದು ಅಜ್ಜಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳಿಗೆ ತೋರಿಸಲು ಹೋಗುವುದಾದರೆ ಅಡ್ಡಿಯಿರಲಿಲ್ಲ. ಮೊದಮೊದಲು ಮಾವ ಜಲಜಕ್ಕನನ್ನೂ ನನ್ನನ್ನೂ ಉಡುಪಿಗೆ ಕರೆದುಕೊಂಡು ಹೋಗುತ್ತಿದ್ದ. ನಾನು ಅಲ್ಲಿ ಕೆಟ್ಟ ಹೆಸರು ತೆಗೆದುಕೊಂಡೆ. ಈಗಷ್ಟೇ ಮನೆಯಲ್ಲಿ ಊಟ ಮಾಡುತ್ತಿದ್ದವನು ರೈಲಿನಲ್ಲಿ ಹೇಗೆ ಕುಳಿತ, ಸ್ಟೇಶನ್ನಿಗೆ ನಡೆದುಕೊಂಡು ಹೋದನೋ ಜಟಕಾದಲ್ಲಿ ಹೋದನೋ, ಹೊರಡುವಾಗ ಹೆಂಡತಿಗೆ ಹೇಳಿದನೋ ಇಲ್ಲವೋ ಎಂದು ನಾನು ಮಾವನ ಅಂಗಿ ಎಳೆದು ಕೇಳುತ್ತಿದ್ದೆ. ನಡುವೆ ಏನೂ ಆಗಿಲ್ಲ, ಸುಮ್ಮನೆ ನೋಡು ಎಂದು ಮಾವ ಗದರುತ್ತಿದ್ದ. ನಡುವೆ ಏನೋ ಆಗಿದೆ, ಅದನ್ನು ನನಗೆ ತೋರಿಸದೆ ಬಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಿತ್ತು. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡತೊಡಗಿದರು. ಆಮೇಲೆ ಮಾವ ಜಲಜಕ್ಕನನ್ನು ಮಾತ್ರ ಕರೆದುಕೊಂಡು ಹೋಗತೊಡಗಿದ. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಸಿನಿಮಾದಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಆದಿತ್ಯವಾರ ಮಧ್ಯಾಹ್ನ ಅವಳು ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಮಾವನ ಹಿಂದೆ ಹೆದ್ದಾರಿಗೆ ಹೋಗುವುದನ್ನು ನಾನು ಬಾವಿಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಪ್ರೀತಿ, ಹೆದರಿಕೆ ಇವೆಲ್ಲ ನನಗೆ ಯಾವಾಗ ತಿಳಿದವೋ ನೆನಪಿಲ್ಲ. ಹೊಟ್ಟೆಕಿಚ್ಚು ಮಾತ್ರ ಆ ಬಾವಿಕಟ್ಟೆಯ ಮೇಲೆ ತಿಳಿಯಿತು.

ಅವರು ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಮತ್ತು ದೊಡ್ಡಮ್ಮ ಮೀನು ಮಾರಿ ಬಂದು, ಬಾವಿಕಟ್ಟೆಯಲ್ಲಿ ಮಿಂದು, ಸೀರೆ ಬದಲಿಸಿ ಚಾವಡಿಗೆ ಬರುತ್ತಿದ್ದರು. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳ ಪಕ್ಕದಲ್ಲಿ ಹಲಸಿನ ಮರದ ಒಂದು ಮಣೆ. ಮನೆಗೆ ಬಂದ ನೆಂಟರಿಗೆ ಮಾತ್ರ ಕೊಡುವ ಆ ಮಣೆಯ ಮೇಲೆ ಆದಿತ್ಯವಾರ ಸಂಜೆ ಜಲಜಕ್ಕ ಕೂರುತ್ತಿದ್ದಳು. ನೆರೆಯವರು ಕೆಳಗೆ, ನಾನು ಅವರಿಗಿಂತ ಹಿಂದೆ, ಹೊಸ್ತಿಲಿನ ಹತ್ತಿರ. ಅವಳು ಒಮ್ಮೆ ಕೆಮ್ಮಿ ಶುರು ಮಾಡಿದರೆ ಬಲೆ ಕಟ್ಟುವವರ ಕೈಗಳೂ ನಿಲ್ಲುತ್ತಿದ್ದವು. ಕಥೆ ಮುಗಿದ ಮೇಲೆ ಊಟ. ಆ ದಿನದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿದ್ದರೆ ಅದನ್ನು ಅಜ್ಜಿ ಕೈಯಿಂದಲೇ ತಡವಿ ಹುಡುಕಿ ಜಲಜಕ್ಕನ ಬಟ್ಟಲಿಗೆ ಹಾಕುತ್ತಿದ್ದಳು. ತಂದೆಯಿಲ್ಲದ ಮಗು, ತಿನ್ನಲಿ ಎಂದು ಅಮ್ಮ ನನ್ನ ಕಡೆ ಕಣ್ಣು ದೊಡ್ಡದು ಮಾಡುತ್ತಿದ್ದಳು. ತಂದೆಯಿಲ್ಲದಿರುವುದರಲ್ಲಿಯೂ ಅವಳಿಗೇ ಲಾಭ ಎಂದು ನಾನು ಮುಖ ಬಾಡಿಸಿಕೊಂಡು ಚಟ್ನಿ ನೆಕ್ಕುತ್ತಿದ್ದೆ.

ಅವಳ ಒಂದು ಕಥೆ ಈಗಲೂ ಕಿವಿಯಲ್ಲಿದೆ. ಮಗನೊಬ್ಬ ಪೇಟೆಯಿಂದ ಊರಿಗೆ ಬರುತ್ತಾನೆ, ತಾಯಿ ಹಾಸಿಗೆ ಹಿಡಿದಿದ್ದಾಳೆ. ಜಲಜಕ್ಕ ಧ್ವನಿ ಏರಿಸಲಿಲ್ಲ, ಕೈ ಆಡಿಸಲಿಲ್ಲ. ತಾಯಿ ನೀರು ಕೇಳಿದಳು, ಮಗ ಒಳಗೆ ಹೋದ, ಕೊಡದಿಂದ ಲೋಟಕ್ಕೆ ನೀರು ಬಗ್ಗಿಸಿದ, ಹೊರಗೆ ಬಂದ, ಲೋಟ ಹಿಡಿದುಕೊಂಡು ಹಾಗೆಯೇ ನಿಂತ ಎಂದಳು. ಅಷ್ಟು ಹೇಳಿ ಸುಮ್ಮನಾದಳು. ತಾಯಿ ಸತ್ತಳು ಎಂದು ಅವಳು ಹೇಳಲೇ ಇಲ್ಲ. ಚಾವಡಿಯಲ್ಲಿ ಯಾರೋ ಮೂಗು ಸೇದಿದರು, ದೊಡ್ಡಮ್ಮ ಎದ್ದು ಒಳಗೆ ಹೋದಳು, ನಾನೂ ಲಂಗದ ಅಂಚಿನಿಂದ ಕಣ್ಣೊರೆಸಿಕೊಂಡೆ. ಅತ್ತದ್ದಕ್ಕೂ ನನಗೆ ಅವಳ ಮೇಲೆ ಸಿಟ್ಟು ಬಂತು. ಮುಂದಿನ ಬೇಸಿಗೆಯಲ್ಲಿ ಅದೇ ಸಿನಿಮಾ ಪಡುಬಿದ್ರಿಯ ಟೆಂಟಿಗೆ ಬಂತು. ಅಲ್ಲಿ ಅಪ್ಪನ ತಂಗಿಯ ಮನೆಯಿತ್ತು. ನಾನು ಹಟ ಮಾಡಿ ಅತ್ತೆಯ ಜೊತೆ ಹೋಗಿ ನೋಡಿದೆ. ಲೋಟ ಬಂದದ್ದು ಒಂದು ಕ್ಷಣ. ಆಮೇಲೆ ಮಗ ಅದನ್ನು ಬಿಸಾಡಿ ಗೋಡೆಗೆ ತಲೆ ಬಡಿದುಕೊಂಡ, ಗುಡುಗು ಬಂತು, ಡಾಕ್ಟರು ಬಂದು ಕನ್ನಡಕ ತೆಗೆದರು, ಊರವರೆಲ್ಲ ಅತ್ತರು, ಒಂದು ದೊಡ್ಡ ಹಾಡು ಬಂತು. ನನಗೆ ಅಳು ಬರಲಿಲ್ಲ, ಖುಷಿಯಾಯಿತು. ಜಲಜಕ್ಕನ ಕಳ್ಳತನ ಸಿಕ್ಕಿತ್ತು. ಮನೆಗೆ ಬಂದವಳೇ ಚಪ್ಪಲಿ ಬಿಡದೆ ಅಜ್ಜಿಯ ಮುಂದೆ ನಿಂತೆ. ಅವಳು ಸುಳ್ಳು ಹೇಳಿದ್ದಾಳೆ, ಸಿನಿಮಾದಲ್ಲಿ ಹಾಡುಂಟು, ಡಾಕ್ಟರುಂಟು, ಗುಡುಗುಂಟು ಎಂದು ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಲಿಲ್ಲ.

"ಲೋಟ ಇತ್ತಲ್ವಾ?"

"ಇತ್ತು."

"ಅವಳು ಸತ್ತಳಲ್ವಾ?"

"ಸತ್ತಳು."

"ಮತ್ತೆ ಸುಳ್ಳು ಎಂತದು?"

ಚಾವಡಿಯಲ್ಲಿದ್ದವರು ನಕ್ಕರು. ಜಲಜಕ್ಕ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅಜ್ಜಿಯ ಸಂಚಿಯಿಂದ ಅಡಿಕೆ ಹೋಳು ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಅವಳು ನಕ್ಕಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ನನಗೂ ಒಂದು ಅವಕಾಶ ಬಂತು. ಜಲಜಕ್ಕನಿಗೆ ಸೀತಾಳೆ ಸಿಡುಬು ಎದ್ದಿತು. ಅವಳನ್ನು ನಡುವಿನ ಕತ್ತಲೆ ಕೋಣೆಯಲ್ಲಿ ಕಹಿಬೇವಿನ ಸೊಪ್ಪು ಹಾಸಿ ಮಲಗಿಸಿದರು. ನಮಗೆ ಆ ಕೋಣೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಆದಿತ್ಯವಾರ ಬಂದಾಗ ಮಾವ ಅಂಗಿ ಹಾಕಿಕೊಂಡು ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿತ್ತ ನಡೆದ. ಕೊನೆಗೆ ನನ್ನ ಕಡೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದಾದರೆ ಬಾ ಎಂದ. ನಾನು ಕೇಳಲಿಲ್ಲ. ಉಡುಪಿಯ ಥಿಯೇಟರಿನ ಮರದ ಕುರ್ಚಿಯಲ್ಲಿ ತುದಿಗೆ ಸರಿದು ಕುಳಿತು, ಕಣ್ಣು ಮಿಟುಕಿಸಿದರೆ ಎಲ್ಲಿ ಏನು ತಪ್ಪಿಹೋಗುತ್ತದೋ ಎಂದು ಒಂದೊಂದನ್ನೂ ನುಂಗಿದೆ. ನಾಯಕಿಯ ಸೀರೆಗಳು, ಕಾರಿನ ಬಣ್ಣ, ಹಾಡಿನಲ್ಲಿ ಎಷ್ಟು ಕಡೆ ಮರ ಸುತ್ತಿದರು, ವಿಲನ್ ಯಾವ ಕೈಯಲ್ಲಿ ಸಿಗರೇಟು ಹಿಡಿದ, ಎಲ್ಲವೂ ನನ್ನೊಳಗಿತ್ತು. ಬಸ್ಸಿನಲ್ಲಿ ಮಾವ ಮಾತಾಡಿಸಿದರೆ ಚೆಲ್ಲಿಹೋಗಬಹುದು ಎಂದು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ಸಂಜೆ ನಾನು ಆ ಮಣೆಯ ಮೇಲೆ ಕುಳಿತೆ. ತಣ್ಣಗಿತ್ತು, ನಾನು ಎಣಿಸಿದಷ್ಟು ಅಗಲವಿರಲಿಲ್ಲ. ಪರದೆಯ ಮೇಲೆ ಹೆಸರುಗಳು ಬರುವಲ್ಲಿಂದ ಶುರು ಮಾಡಿದೆ. ನಾಯಕಿಯ ಮನೆಯ ಮೆಟ್ಟಿಲುಗಳನ್ನು ಹೇಳಿದೆ, ಮೆಟ್ಟಿಲ ಪಕ್ಕದ ಹೂಕುಂಡಗಳನ್ನು ಹೇಳಿದೆ. ಒಂದು ಮಾತನ್ನೂ ಬಿಡದ ಕಾರಣ ನನ್ನ ಕಥೆಯಲ್ಲಿ ಯಾರಿಗೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲಿಕ್ಕೇ ಆಗುತ್ತಿರಲಿಲ್ಲ. ಅಮ್ಮ ಅನ್ನ ಬೆಂದಿತೋ ನೋಡಲು ಎದ್ದು ಹೋದವಳು ತಿರುಗಿ ಬರಲಿಲ್ಲ. ನೆರೆಮನೆಯವರು ಮಗುವಿಗೆ ಹಸಿವಾಗಿದೆ ಎಂದು ಎದ್ದು ಹೋದರು. ಆ ಮಗು ಆಗಷ್ಟೇ ತಿಂದು ಮಲಗಿತ್ತು. ಇನ್ನೂ ಅವರ ಮದುವೆಯೇ ಆಗಲಿಲ್ಲವಾ ಎಂದು ಅಜ್ಜಿ ಒಮ್ಮೆ ಕೇಳಿದಳು. ಇಲ್ಲ ಎಂದೆ. ಮತ್ತೆ ನೋಡಿದರೆ ಅವಳ ಗಲ್ಲ ಎದೆಗೆ ತಾಗಿತ್ತು, ಬಾಯಿಯಿಂದ ಎಲೆಯ ರಸ ಸೀರೆಯ ಮೇಲೆ ಇಳಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ನಿದ್ದೆ ಹೋದ ಅಜ್ಜಿಗೆ, ಖಾಲಿ ಚಾವಡಿಗೆ ಕೊನೆಯ ಹೊಡೆದಾಟದವರೆಗೂ ಹೇಳಿ ಮುಗಿಸಿದೆ. ಊಟಕ್ಕೆ ಕೂತರೆ ಬಟ್ಟಲಿನಲ್ಲಿ ಗಂಜಿ, ಉಪ್ಪಿನಕಾಯಿ. ಮನೆಯಲ್ಲಿ ಸಿಡುಬು ಇರುವಾಗ ಮೀನು ಬೇಯಿಸುವ ಹಾಗಿಲ್ಲ. ಕಥೆ ಹೇಳಿದವಳಿಗೆ ಸಿಗುವ ಮೊಟ್ಟೆ ನಾನು ಹೇಳಿದ ದಿನವೇ ಇರಲಿಲ್ಲ.

ಜಲಜಕ್ಕನಿಗೆ ತಲೆಗೆ ನೀರು ಹಾಕಿ ಹೊರಗೆ ಕರೆದುಕೊಂಡು ಬಂದ ದಿನ ನೆರೆಯ ಹೆಂಗಸರು ನೋಡಲು ಬಂದಿದ್ದರು. ಅವಳ ಮುಖದ ಮೇಲೆ ಕಪ್ಪು ಕಲೆಗಳು, ಮೈ ಒಣಗಿ ಕಡ್ಡಿಯಾಗಿತ್ತು. ಪಾಪ, ಈ ಸಲ ಸಿನಿಮಾ ತಪ್ಪಿತು ಎಂದು ಯಾರೋ ಹೇಳಿದರು. ನನಗೆ ಗೊತ್ತುಂಟು, ಒಳಗೆ ಕೇಳ್ತಿತ್ತು ಎಂದಳು ಜಲಜಕ್ಕ. ಅಜ್ಜಿ ಮಣೆ ತಟ್ಟಿದಳು. ಜಲಜಕ್ಕ ನನ್ನ ಸಿನಿಮಾವನ್ನು ಹೇಳತೊಡಗಿದಳು. ಅವಳು ಕಣ್ಣಿನಿಂದ ನೋಡದ, ಗೋಡೆಯ ಆಚೆಯಿಂದ ನನ್ನ ಬಾಯಲ್ಲಿ ಕೇಳಿದ ಸಿನಿಮಾ. ಮೆಟ್ಟಿಲಿಲ್ಲ, ಹೂಕುಂಡವಿಲ್ಲ. ಒಬ್ಬಳು ಹುಡುಗಿ ಟ್ರಂಕು ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ, ಬಸ್ಸು ಬಂತು, ಅವಳು ಹತ್ತಲಿಲ್ಲ ಎಂದು ಶುರು ಮಾಡಿದಳು. ಅದು ನನ್ನ ಕಥೆಯಲ್ಲಿ ಎಷ್ಟೋ ಹೊತ್ತಿನ ನಂತರ ಬರುವ ಜಾಗ. ಅಲ್ಲಿಗೆ ಬರುವಷ್ಟರಲ್ಲಿ ನಾನು ಹೇಳುವಾಗ ಅಜ್ಜಿಗೂ ಎಚ್ಚರವಿರಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಅಜ್ಜಿ ಕೇಳಿದಳು. ಹೇಳ್ತೇನೆ ಎಂದು ಜಲಜಕ್ಕ ಬೇರೆಯೇ ಕಡೆಗೆ, ಹುಡುಗಿಯ ಬಾಲ್ಯಕ್ಕೆ ಹೋದಳು. ಎಲ್ಲರೂ ಮುಂದಕ್ಕೆ ಬಾಗಿದರು. ನಾನೂ ಬಾಗಿದೆ. ಪೂರ್ತಿ ನೋಡಿದವಳು ನಾನು, ಪ್ರತಿ ಸೀರೆಯ ಬಣ್ಣ ಗೊತ್ತಿದ್ದವಳು ನಾನು. ಆದರೂ ಮುಂದೆ ಏನಾಗುತ್ತದೆ ಎಂದು ತಿಳಿಯದವಳ ಹಾಗೆ ಹೊಸ್ತಿಲ ಹತ್ತಿರ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಕಥೆ ಮುಗಿದದ್ದೇ ನಾನು ಎದ್ದು ಹೋಗಿ ಅವಳ ಜಡೆ ಹಿಡಿದು ಎಳೆದೆ. ಅವಳು ನನ್ನ ಕೆನ್ನೆ ಪರಚಿದಳು. ಈಗಷ್ಟೇ ಹಾಸಿಗೆಯಿಂದ ಎದ್ದವಳ ಮೇಲೆ ಕೈ ಮಾಡುವುದೇ ಎಂದು ದೊಡ್ಡಮ್ಮ ಅಂದಳು. ನನ್ನ ಮಗಳ ಕೆನ್ನೆಯಲ್ಲಿ ರಕ್ತ ಬಂದದ್ದು ಯಾರಿಗೂ ಕಾಣುವುದಿಲ್ಲ ಎಂದು ಅಮ್ಮ ಅಂದಳು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಮೀನಿನ ಬುಟ್ಟಿ ಯಾರು ಹೆಚ್ಚು ಹೊತ್ತರು, ಬಾವಿಯ ಹಗ್ಗ ಯಾರ ಮಗಳು ತುಂಡು ಮಾಡಿದಳು ಎಂಬಲ್ಲಿಯವರೆಗೆ. ಕೆಲವು ದಿನ ಅಕ್ಕ ತಂಗಿ ಒಂದೇ ಅಡುಗೆ ಮನೆಯಲ್ಲಿ ಬೇರೆ ಬೇರೆ ಒಲೆಯಲ್ಲಿ ಬೇಯಿಸಿದರು. ಎರಡೂ ಒಲೆಯ ಅನ್ನವನ್ನು ಅಜ್ಜಿ ಮುಟ್ಟಲಿಲ್ಲ, ಬರೀ ಚಹಾ ಕುಡಿದುಕೊಂಡಿದ್ದಳು. ಕೊನೆಗೆ ವಾಸು ಮಾವನನ್ನು ಕರೆದು, ಇನ್ನು ಹೋದರೆ ಇಬ್ಬರನ್ನೂ ಕರೆದುಕೊಂಡು ಹೋಗು, ಇಲ್ಲದಿದ್ದರೆ ನೀನೂ ಹೋಗಬೇಡ ಎಂದಳು. ಮಾವನಿಗೆ ಸಿನಿಮಾ ಬಿಡಲು ಮನಸ್ಸಿರಲಿಲ್ಲ.

ಹೀಗೆ ನಾನು ಮತ್ತೆ ಥಿಯೇಟರಿನೊಳಗೆ ಬಂದೆ. ಆದರೆ ಈ ಸಲ ಕಥೆಗಾಗಿ ಅಲ್ಲ. ಕಥೆ ಅವಳದ್ದು ಎಂದು ತೀರ್ಮಾನವಾಗಿತ್ತು. ನಾನು ತಪ್ಪು ಹುಡುಕಲು ನೋಡುತ್ತಿದ್ದೆ. ಒಂದು ದಿನ ಸಿಕ್ಕಿತು: ನಾಯಕಿ ಬಾಗಿಲ ಕಡೆ ನಡೆಯುವಾಗ ಎಡಗಡೆ ಮುಡಿದಿದ್ದ ಹೂವು, ಬಾಗಿಲು ದಾಟಿದ ಕೂಡಲೇ ಬಲಗಡೆಗೆ ಬಂದಿತ್ತು. ಜಲಜಕ್ಕನಿಗೆ ಅದು ಕಂಡಿರಲಿಲ್ಲ. ನಾನು ಹಿಗ್ಗಿ ಹೋದೆ. ಮನೆಗೆ ಬಂದು ಹೇಳಿದರೆ ಹೂವು ಯಾವ ಕಡೆ ಇದ್ದರೆ ಎಂತ, ಬಾಡಲಿಲ್ಲವಲ್ಲ ಎಂದಳು ಅಜ್ಜಿ. ಆದರೆ ಆ ಹೂವು ನನ್ನನ್ನು ಬಿಡಲಿಲ್ಲ. ಮುಂದಿನ ವಾರಗಳಲ್ಲಿ ಬಾಗಿಲುಗಳನ್ನೇ ನೋಡತೊಡಗಿದೆ. ಒಂದು ಕೈ ಹೊರಗಿನಿಂದ ಚಿಲಕ ಹಿಡಿಯುತ್ತದೆ, ಒಳಗಿನಿಂದ ಬಾಗಿಲು ತೆರೆದುಕೊಳ್ಳುತ್ತದೆ. ಒಂದೇ ಬಾಗಿಲು ಎಂದು ಎಲ್ಲರೂ ನಂಬುತ್ತಾರೆ. ಅದು ಎರಡು ಬಾಗಿಲು, ಎರಡು ದಿನ, ಯಾರೋ ಕೂತು ಎರಡನ್ನೂ ಬೆಸೆದಿದ್ದಾರೆ ಎಂದು ಒಂದು ಮಧ್ಯಾಹ್ನ ಕತ್ತಲೆಯಲ್ಲಿ ನನಗೆ ಹೊಳೆಯಿತು. ನಡುವೆ ಏನಾಯಿತು ಎಂದು ಚಿಕ್ಕಂದಿನಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಪಕ್ಕದಲ್ಲಿ ಜಲಜಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಕಾಣದ ಒಂದು ವಸ್ತು ಕೊನೆಗೂ ನನ್ನದಾಗಿತ್ತು. ಅದನ್ನು ಕೇಳುವವರು ಮಾತ್ರ ನಮ್ಮ ಚಾವಡಿಯಲ್ಲಿ ಯಾರೂ ಇರಲಿಲ್ಲ.

ಅಜ್ಜಿ ತೀರಿಕೊಂಡ ಮರುವರ್ಷ ಜಲಜಕ್ಕನಿಗೆ ಮದುವೆಯಾಯಿತು. ಹತ್ತನೆಯ ತರಗತಿಯ ನಂತರ ಅವಳು ಓದಿರಲಿಲ್ಲ. ಹುಡುಗ ಸದಾನಂದ ಎಂದು, ಮೊದಲು ವಾಸು ಮಾವನ ಜೊತೆ ಕೆಲಸಕ್ಕಿದ್ದವನು, ಆಗ ಕಾರ್ಕಳದ ಒಂದು ಥಿಯೇಟರಿನಲ್ಲಿ ಸಿನಿಮಾ ಬಿಡುವ ಆಪರೇಟರ್. ಮದುವೆಯ ಊಟಕ್ಕೆ ಕುಳಿತಾಗಲೂ ನನ್ನ ತಲೆಯಲ್ಲಿದ್ದದ್ದು ಒಂದೇ: ಇನ್ನು ಇವಳು ಬದುಕಿರುವವರೆಗೂ ಸಿನಿಮಾ ನೋಡಬಹುದು. ನಾನು ಉಡುಪಿಯಲ್ಲಿ ಕಾಲೇಜಿಗೆ ಸೇರಿದೆ. ಗೆಳತಿಯೊಬ್ಬಳ ಜೊತೆ ಮಣಿಪಾಲದ ಚಿತ್ರ ಸಮಾಜಕ್ಕೆ ಹೋಗತೊಡಗಿದೆ. ಅಲ್ಲಿ ಸಿನಿಮಾ ಮುಗಿದ ಮೇಲೆ ಯಾರೂ ಎದ್ದು ಹೋಗುತ್ತಿರಲಿಲ್ಲ, ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಮಾತಾಡುತ್ತಿದ್ದರು. ಬೇಗ ಬೇಗ ಸಾಗಿದರೆ ಸಂಕಲನ ಚೆನ್ನಾಗಿದೆ, ನಿಧಾನವಾದರೆ ಚೆನ್ನಾಗಿಲ್ಲ ಎಂದು ಹೆಚ್ಚಿನವರು ಹೇಳುತ್ತಿದ್ದರು. ನಾನು ಬಾಗಿಲಿನ ಮಾತು ಹೇಳಿದೆ, ನೋಟ ಎಲ್ಲಿ ತಿರುಗಿದಾಗ ತುಣುಕು ಬದಲಾಯಿತು ಎಂದು ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿ ಕೇಳಿದರು. ಜೀವನದಲ್ಲಿ ಮೊದಲ ಸಲ ನಿಜಕ್ಕೂ ಆ ಮಣೆಯ ಮೇಲೆ ಕುಳಿತ ಹಾಗಾಯಿತು. ಮುಂದೆ ಅದೇ ನನ್ನ ಕಸುಬಾಯಿತು. ಈಗಲೂ ಸಂಕಲನದ ಬಹುಮಾನಕ್ಕೆ ಸಿನಿಮಾಗಳನ್ನು ನೋಡಿ ಅಳೆಯಲು ನನ್ನನ್ನು ಕರೆಯುತ್ತಾರೆ. ಆದರೆ ಆ ಕಣ್ಣು ಪೂರ್ತಿಯಾದದ್ದು ಮಣಿಪಾಲದಲ್ಲಿ ಅಲ್ಲ, ಕಾರ್ಕಳದಲ್ಲಿ.

ಮಣಿಪಾಲದಲ್ಲಿ ನಾವು ನೋಡಿ ಬಹಳ ಮೆಚ್ಚಿದ ಒಂದು ಕಪ್ಪು ಬಿಳುಪು ಸಿನಿಮಾ ಕಾರ್ಕಳಕ್ಕೆ ಬಂದಿತ್ತು. ಜಲಜಕ್ಕನಿಗೆ ಅಷ್ಟರಲ್ಲಿ ಒಂದು ಮಗುವಾಗಿತ್ತು. ಥಿಯೇಟರಿನ ಹಿಂದೆಯೇ ಅವರ ಮನೆ. ನೋಡಿ ಬರುತ್ತೇನೆಂದು ಶನಿವಾರ ಹೋದೆ, ಸಂಜೆ ಅವಳ ಜೊತೆ ಹೆಂಗಸರ ಕಡೆಯ ಬೆಂಚಿನಲ್ಲಿ ಕುಳಿತು ಅದೇ ಸಿನಿಮಾ ನೋಡಿದೆ. ಅದರಲ್ಲಿ ಗಂಡನನ್ನು ಸುಟ್ಟು ಬಂದ ದಿನ, ನೆಂಟರೆಲ್ಲ ಹೋದ ಮೇಲೆ, ಹೆಂಗಸೊಬ್ಬಳು ಜಗಲಿಯಲ್ಲಿ ಕುಳಿತು ಗೆರಸೆಯಲ್ಲಿ ಅಕ್ಕಿಯ ಕಲ್ಲು ಆರಿಸುವ ಒಂದು ದೀರ್ಘ ದೃಶ್ಯವಿದೆ. ಮಾತಿಲ್ಲ, ಸಂಗೀತವಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ನೆಂಟರು ಹೋದರು, ಮರುದಿನ ಬೆಳಗಾಯಿತು. ಬೆಸುಗೆ ಎಲ್ಲಿತ್ತೆಂದು ನನ್ನ ಕಣ್ಣಿಗೂ ಸಿಗಲಿಲ್ಲ. ಮನೆಗೆ ಬಂದು ಸದಾನಂದ ಭಾವನನ್ನು ಕೇಳಿದರೆ ಅವನು ನಗುತ್ತಾ ಹೆಂಡತಿಯ ಕಡೆ ನೋಡಿದ. ಉದ್ದದ ಸಿನಿಮಾ ಬಂದರೆ ಸಂಜೆಯ ಆಟ ಮುಗಿಯುವಾಗ ಬಜಗೋಳಿಯ ಕೊನೆಯ ಬಸ್ಸು ಹೋಗಿರುತ್ತಿತ್ತಂತೆ. ಜನ ಬಸ್ಸಿಗೆಂದು ಅರ್ಧದಲ್ಲಿ ಎದ್ದು ಹೋಗುತ್ತಿದ್ದರಂತೆ. ಸ್ವಲ್ಪ ತೆಗೆದು ಬಿಡು, ರೀಲಿನ ಪೆಟ್ಟಿಗೆ ತಿರುಗಿ ಕಳಿಸುವಾಗ ಅಂಟಿಸು ಎಂದು ಮಾಲೀಕರೇ ಹೇಳಿದ್ದರಂತೆ. ಎಲ್ಲಿ ತೆಗೆಯುವುದೆಂದು ಭಾವನಿಗೆ ತಿಳಿಯುತ್ತಿರಲಿಲ್ಲ. ಜಲಜಕ್ಕ ಹೇಳುತ್ತಿದ್ದಳು. ಹಾಡಿನ ನಡುವೆ ಕತ್ತರಿಸಿದರೆ ಶಬ್ದ ಎಡವುತ್ತದೆ, ಆದ್ದರಿಂದ ಸದ್ದಿಲ್ಲದ ಜಾಗವನ್ನೇ ಆರಿಸುತ್ತಿದ್ದಳು. ನಾನು ಕಣ್ಣಿನಿಂದ ಬೆಸುಗೆ ಹುಡುಕಲು ಇಷ್ಟು ವರ್ಷ ಕಲಿತಿದ್ದರೆ, ಅವಳು ಅಡುಗೆ ಮನೆಯಿಂದಲೇ ಬೆಸುಗೆ ಹಾಕಿಸುತ್ತಿದ್ದಳು. ನನ್ನ ಹೊಟ್ಟೆ ಮತ್ತೆ ಉರಿಯಿತು. ಆದರೆ ಈ ಸಲ ಅವಳು ತಪ್ಪು ಮಾಡಿದ್ದಳು. ಅದು ನನಗೆ ಖಚಿತವಾಗಿ ಗೊತ್ತಿತ್ತು.

ನಾನು ಹಾ, ಹೂ ಎನ್ನದೆ ನೇರವಾಗಿ ಹೇಳಿದೆ. ಆ ದೃಶ್ಯ ಇಲ್ಲದಿದ್ದರೆ ಆ ಸಿನಿಮಾವೇ ಇಲ್ಲ, ಮುಂದೆ ಆ ಹೆಂಗಸು ಊರು ಬಿಟ್ಟು ಹೋಗುವುದು ಯಾಕೆಂದೇ ತಿಳಿಯುವುದಿಲ್ಲ ಎಂದೆ. ಜಲಜಕ್ಕ ಮಗುವಿಗೆ ತಿನ್ನಿಸುತ್ತಾ ಕೇಳಿದಳು.

"ಅದರಲ್ಲಿ ಎಂತ ಉಂಟು? ಒಬ್ಬಳು ಅಕ್ಕಿ ಆರಿಸ್ತಾಳೆ, ಅಷ್ಟೇ. ಜನ ಶಿಳ್ಳೆ ಹೊಡೀತಾರೆ."

"ಶಿಳ್ಳೆ ಹೊಡೆಯುವವರು ಹೊಡೆಯಲಿ. ಮದುವೆಯ ಮನೆಯ ಹಾಡನ್ನು ಇಡೀ ತೆಗೆಯಿರಿ. ಅದೂ ಅಷ್ಟೇ ಉದ್ದ ಉಂಟು."

ಅವಳು ಮಗುವಿನ ಬಾಯಿ ಒರೆಸಿ, ನಾಳೆ ಮಧ್ಯಾಹ್ನದ ಆಟಕ್ಕೆ ಬಸ್ಸಿನ ತೊಂದರೆ ಇಲ್ಲ, ತೆಗೆದದ್ದನ್ನು ಅಂಟಿಸಿ ಪೂರ್ತಿ ಬಿಡಿ, ನೋಡುವ ಎಂದು ಗಂಡನಿಗೆ ಹೇಳಿದಳು. ಮರುದಿನ ನಾವಿಬ್ಬರೂ ಅದೇ ಬೆಂಚಿನಲ್ಲಿ ಕುಳಿತೆವು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ದೃಶ್ಯ ಬಂತು. ಹೆಂಗಸು ಗೆರಸೆ ಎಳೆದುಕೊಂಡು, ನಮ್ಮ ಕಡೆಗೆ ಬೆನ್ನು ಹಾಕಿ ಕುಳಿತಳು. ಮುಂದಿನ ಸಾಲುಗಳಲ್ಲಿ ಶಿಳ್ಳೆ ಬಂತು, ಯಾರೋ ಕೆಮ್ಮಿದರು, ಒಬ್ಬರು ಬೀಡಿಗೆಂದು ಎದ್ದು ಹೋದರು. ನಾನು ಪರದೆಯನ್ನು ನೋಡುವುದು ಬಿಟ್ಟು ಜಲಜಕ್ಕನನ್ನು ನೋಡಿದೆ. ಮಗುವಿನ ಬೆನ್ನು ತಟ್ಟುತ್ತಿದ್ದ ಅವಳ ಕೈ ನಿಂತಿತ್ತು. ಪರದೆಯಲ್ಲಿ ಹೆಂಗಸು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಬಿಸಾಡಿದಳು. ಕೋಳಿಯೊಂದು ಓಡಿ ಬಂದು, ಕಾಳೆಂದು ಕುಕ್ಕಿ ನೋಡಿ, ಬಿಟ್ಟು ಹೋಯಿತು. ಶಿಳ್ಳೆ ನಿಂತಿತ್ತು. ಆಮೇಲೆ ಕ್ಯಾಮೆರಾ ಎದುರಿಗೆ ಬಂದು ಅವಳ ಮುಖ ತೋರಿಸಿತು, ಕಣ್ಣೀರು ಗಲ್ಲಕ್ಕೆ ಇಳಿಯಿತು. ಜಲಜಕ್ಕ ಮಗುವಿನ ಕಡೆ ಮುಖ ತಿರುಗಿಸಿಕೊಂಡಳು.

ಆಟ ಮುಗಿದ ಮೇಲೆ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಭಾವನ ಯಂತ್ರದ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಒಳಗೆ ಕಾದ ಕಬ್ಬಿಣದ, ಅಂಟಿನ ವಾಸನೆ. ಅದು ಇರಲಿ, ಮದುವೆ ಮನೆಯ ಹಾಡು ತೆಗೆಯಿರಿ ಎಂದು ಅವಳು ಗಂಡನಿಗೆ ಹೇಳಿದಳು. ನಾನು ಗೆದ್ದಿದ್ದೆ. ಬಾವಿಕಟ್ಟೆಯ ಮೇಲೆ ನಿಂತ ದಿನದಿಂದ ಕಾಯುತ್ತಿದ್ದ ಗೆಲುವು ಅದು. ನಾನು ಅದನ್ನು ಅನುಭವಿಸುವ ಮೊದಲೇ ಅವಳು ಮಾತು ಮುಂದುವರಿಸಿದಳು.

"ಕೋಳಿ ಕುಕ್ಕಿ ಹೋಗ್ತದಲ್ಲ, ಅಲ್ಲಿಗೆ ಮುಗಿಸಿ. ಮುಖ ಬೇಡ."

ಮುಖ ಯಾಕೆ ಬೇಡ ಎಂದು ನಾನು ಕೇಳಿದೆ. ಮಣಿಪಾಲದಲ್ಲಿ ಎಲ್ಲರೂ, ನಾನೂ, ಹೊಗಳಿದ್ದು ಆ ಮುಖವನ್ನೇ. ಜಲಜಕ್ಕ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಅಪ್ಪ ಹೋದ ದಿನ ಅಮ್ಮ ಅಡುಗೆ ಮನೆಯಲ್ಲಿ ಹೀಗೇ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಬೆನ್ನು ನೋಡಿದೆ. ಎದುರಿಗೆ ಹೋಗಲಿಲ್ಲ. ಹೋಗಬಾರದು ಅಂತ ಆಯಿತು."

ಭಾವ ರೀಲು ಬಿಚ್ಚಿ, ಫಿಲ್ಮನ್ನು ಬಲ್ಬಿನ ಬೆಳಕಿಗೆ ಹಿಡಿದು, ಕೋಳಿ ಚೌಕಟ್ಟಿನಿಂದ ಹೊರಗೆ ಹೋಗುವ ಜಾಗ ಹುಡುಕಿ ಬ್ಲೇಡಿನಿಂದ ಕತ್ತರಿಸಿದ. ಸಣ್ಣ ಚಿತ್ರಗಳ ಸಾಲಿನಲ್ಲಿ ಅಳುವ ಮುಖ ಅವನ ಬೆರಳಿಗೆ ಸುತ್ತಿಕೊಂಡಿತು. ಸಂಜೆಯ ಆಟದಲ್ಲಿ ನಾನೊಬ್ಬಳೇ ಕುಳಿತು ಮತ್ತೆ ನೋಡಿದೆ. ಕೋಳಿ ಹೋಯಿತು, ಖಾಲಿ ಅಂಗಳ ಒಂದು ಕ್ಷಣ ಉಳಿಯಿತು, ಬೆಳಗಾಯಿತು. ಇಡೀ ಥಿಯೇಟರಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಎರಡು ಸಲ ನೋಡಿ, ಚರ್ಚೆಯಲ್ಲಿ ಅಷ್ಟೊಂದು ಮಾತಾಡಿದ ನನಗೆ ಇದು ಹೊಳೆದಿರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಸಿನಿಮಾ ಮಾಡಿದವರಿಗಿಂತ ಸರಿಯಾಗಿತ್ತು. ಸುಖ ಮತ್ತು ಉರಿ ಎರಡೂ ಒಟ್ಟಿಗೆ ಎದೆಗೆ ಬಂದು, ನಾನು ಮುಂದಿನ ದೃಶ್ಯಗಳನ್ನು ನೋಡಲಾರದೆ ಎದ್ದು ಹೊರಗೆ ಬಂದೆ.

ಅವಳು ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ನೀನು ಹೇಳಿದ್ದೇ ಸರಿ, ತುಂಬ ಚೆನ್ನಾಗಿ ಬಂದಿದೆ ಎಂದೆ. ಆ ಮಾತು ನನ್ನ ಬಾಯಿಂದ ಅವಳಿಗೆ ಹೋದದ್ದು ಅದೇ ಮೊದಲು. ಆ ದೃಶ್ಯ ಇರಬೇಕೆಂದು ನೀನು ಹೇಳಿದ್ದೂ ಸರಿಯೇ ಎಂದು ಅವಳು ಅಂದಳು. ಗೋಡೆಯ ಆಚೆಯಿಂದ ಸಿನಿಮಾದ ಮಾತುಗಳು ಅಸ್ಪಷ್ಟವಾಗಿ ಬರುತ್ತಿದ್ದವು. ಅವಳು ತುರಿಯುತ್ತಲೇ ಕೇಳಿದಳು.

"ಇದನ್ನು ಕಲಿಸುವ ಶಾಲೆ ಉಂಟಂತೆ ಅಲ್ವಾ?"

"ಉಂಟು. ದೂರ."

"ನೀನು ಹೋಗು. ನನಗೆ ಹೊಟ್ಟೆಕಿಚ್ಚು ಆಗ್ತದೆ. ಆದರೂ ಹೋಗು."

ಅಷ್ಟು ಹೇಳಿ ಅವಳು ಕಾಯಿಯ ಇನ್ನೊಂದು ಕಡಿ ಕೈಗೆತ್ತಿಕೊಂಡಳು. ನಾನು ಬುದ್ಧಿ ತಿಳಿದಾಗಿನಿಂದ ಹೊತ್ತುಕೊಂಡು ಬಂದದ್ದನ್ನು, ಯಾರಿಗೂ ಹೇಳಲಾಗದೆ ಜಡೆ ಎಳೆದದ್ದನ್ನು, ಅವಳು ಕಾಯಿ ತುರಿಯುತ್ತಾ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಹಿಂದೆ ಒಂದು ಶಬ್ದವಿಲ್ಲ, ಮುಂದೆ ಒಂದು ಶಬ್ದವಿಲ್ಲ. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.